ಮಕ್ಕಳೊಂದಿಗೆ ಹಿರಿಯರೂ ಮೆಚ್ಚಿದ ‘ನರಸಿಂಹ’; ಕನ್ನಡದ ಪಾಲು ಮಾತ್ರ ಕಡಿಮೆ

ತೆರೆಯ ಮೇಲೆ ಒಬ್ಬ ತಾರೆಯೂ ಇಲ್ಲ. ಆದರೂ ಅಶ್ವಿನ್ ಕುಮಾರ್ ನಿರ್ದೇಶನದ ಅನಿಮೇಷನ್ ಚಿತ್ರ ‘ಮಹಾವತಾರ ನರಸಿಂಹ’ ಗೆದ್ದಿತು. 2025ರ ಜುಲೈ 25ರಂದು ಬಿಡುಗಡೆಯಾದ ಚಿತ್ರದ ಮೊದಲ ದಿನದ ಗಳಿಕೆ 2 ಕೋಟಿ ರೂ. ಮುಟ್ಟಿರಲಿಲ್ಲ. ನೋಡಿದವರ ಬಾಯಿಮಾತಿನ ಬಲದಿಂದಲೇ ಒಟ್ಟು ಗಳಿಕೆ 300 ಕೋಟಿ ದಾಟಿತು.

ಚಪ್ಪಲಿ ಹೊರಗೆ ಬಿಟ್ಟು ಚಿತ್ರಮಂದಿರ ಹೊಕ್ಕವರಿದ್ದರು, ಕಂಬ ಸೀಳಿದಾಗ ಕೈ ಮುಗಿದವರಿದ್ದರು. ಅನಿಮೇಷನ್ ಎಲ್ಲೆಡೆ ಒಂದೇ ಸಮನಾಗಿಲ್ಲ, ಪುಟ್ಟ ಮಕ್ಕಳಿಗೆ ರಕ್ತಪಾತ ಹೆಚ್ಚಾಯಿತು ಎಂಬ ಆಕ್ಷೇಪವೂ ಕೇಳಿಬಂತು.

ಯೋಚಿಸಬೇಕಾದ್ದು ಭಾಷೆಯ ಲೆಕ್ಕ. ಚಿತ್ರವನ್ನು ಅರ್ಪಿಸಿದ್ದು ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್. ಗಳಿಕೆಯಲ್ಲಿ ಹಿಂದಿ ಮೊದಲು, ನಂತರ ತೆಲುಗು. ಕನ್ನಡ ಬಹಳ ಹಿಂದೆ. ದಶಕಗಳ ಕಾಲ ಡಬ್ಬಿಂಗ್‌ಗೆ ಇದ್ದ ತಡೆ ಸಡಿಲವಾದದ್ದು 2015ರ ಸ್ಪರ್ಧಾ ಆಯೋಗದ ಆದೇಶದ ಬಳಿಕ. ಅಷ್ಟರಲ್ಲಿ ಪರಭಾಷೆಯ ಚಿತ್ರವನ್ನು ಅದೇ ಭಾಷೆಯಲ್ಲಿ ನೋಡುವುದು ಕನ್ನಡಿಗರಿಗೆ ರೂಢಿಯಾಗಿತ್ತು.

ಮಡಕಶಿರಾ, ರಾಯದುರ್ಗದ ಕಡೆಯ ಹಿರಿಯರಿಗೆ 1967ರ ತೆಲುಗು ‘ಭಕ್ತ ಪ್ರಹ್ಲಾದ’ವೂ ಗೊತ್ತು, 1983ರ ರಾಜ್–ಪುನೀತ್ ಚಿತ್ರವೂ ಗೊತ್ತು. ಮೊಮ್ಮಕ್ಕಳಿಗೂ ಎರಡೂ ದಕ್ಕಬೇಕಾದರೆ ಟಾಕೀಸನ್ನು ನಂಬಿ ಕೂತರೆ ಸಾಲದು. ಮನೆಯಲ್ಲಿ ಅಜ್ಜಿ ಕನ್ನಡದಲ್ಲೇ ಪ್ರಹ್ಲಾದನ ಕಥೆ ಹೇಳಬೇಕು.