ತಾಯ್ತಂದೆಗಳುಳ್ಳ ಅನಾಥರು

ಪರದೇಶದ ಬಡವರ ನಡುವೆ ಕ್ರೈಸ್ತ ಮಿಶನರಿಗಳು ನಡೆಯಿಸುವ ಸೇವಾಕಾರ್ಯದ ಮಾತು ಬಂದಾಗಲೆಲ್ಲ ವಾದವು ಮತಾಂತರವನ್ನೇ ಸುತ್ತಿಕೊಂಡಿರುವುದು ವಾಡಿಕೆಯಾಗಿದೆ. ಒಬ್ಬರು ಖಂಡಿಸುವರು, ಮತ್ತೊಬ್ಬರು ಸಮರ್ಥಿಸುವರು. ಅಷ್ಟರಲ್ಲಿ ಹೊತ್ತು ಮುಗಿಯುವುದು. ಹೈತಿ ದೇಶದ ವೃತ್ತಾಂತವನ್ನು ವಿಚಾರಿಸಿದವರಿಗಾದರೋ ಇದಕ್ಕಿಂತಲೂ ಘೋರವಾದ ಪ್ರಶ್ನೆಯೊಂದು ಎದುರು ನಿಲ್ಲುತ್ತದೆ. ಆ ಜನರು ಬಹುಕಾಲದಿಂದಲೂ ಬಹುಮಟ್ಟಿಗೆ ಕ್ರೈಸ್ತರೇ. ಅಲ್ಲಿ ಬಡವರ ಕೈತಪ್ಪಿ ಹೋದದ್ದು ಮಕ್ಕಳು.

ಕೆರಿಬಿಯನ್ ಸಮುದ್ರದ ಈ ನಾಡಿನಲ್ಲಿ ಗುಲಾಮರು ತಾವೇ ದಂಗೆಯೆದ್ದು ಫ್ರೆಂಚರನ್ನು ಹೊರಡಿಸಿ 1804ರಲ್ಲಿ ಸ್ವತಂತ್ರರಾದರು. ಆ ಸ್ವಾತಂತ್ರ್ಯವನ್ನು ಒಪ್ಪಿಕೊಳ್ಳುವುದಕ್ಕೆ ಫ್ರಾನ್ಸು 1825ರಲ್ಲಿ 15 ಕೋಟಿ ಫ್ರಾಂಕುಗಳನ್ನು ವಿಧಿಸಿತು. ಗುಲಾಮರಿಂದಲೇ ಅವರ ಬಿಡುಗಡೆಯ ಬೆಲೆಯನ್ನು ಕೇಳಿದ ಈ ಸಾಲವು ತಲೆತಲೆಮಾರುಗಳನ್ನು ಹಿಂಡಿತು. ಅಂಥ ನಾಡಿನ ಮೇಲೆ 2010ನೆಯ ಜನವರಿ 12ರಂದು ಮಹಾಭೂಕಂಪವು ಎರಗಿತು. ಅದಾದ ಹದಿನೇಳನೆಯ ದಿನ, ಅಮೆರಿಕದ ಬ್ಯಾಪ್ಟಿಸ್ಟ್ ಪಂಥದ 10 ಮಂದಿ 33 ಮಕ್ಕಳನ್ನು ಬಸ್ಸಿನಲ್ಲಿ ಕುಳ್ಳಿರಿಸಿಕೊಂಡು, ಬೇಕಾದ ಕಾಗದಪತ್ರಗಳಿಲ್ಲದೆ, ನೆರೆಯ ಡೊಮಿನಿಕನ್ ಗಣರಾಜ್ಯದ ಗಡಿಯನ್ನು ದಾಟಲು ಹೋಗಿ ಸೆರೆಸಿಕ್ಕಿದರು. ಅನಾಥರನ್ನು ಉದ್ಧರಿಸುವುದೇ ತಮ್ಮ ಉದ್ದೇಶವೆಂದು ಅವರು ಹೇಳಿಕೊಂಡರು. ವಿಚಾರಣೆಯಾಗಲು, ಆ ಮಕ್ಕಳಲ್ಲಿ ಅನೇಕರ ತಾಯ್ತಂದೆಗಳು ಬದುಕಿಯೇ ಇದ್ದರು! ಕಾಲೆಬಾಸ್ ಎಂಬ ಗುಡ್ಡದ ಹಳ್ಳಿಯವರು ವಿದ್ಯೆ, ಆಟದ ಬಯಲು, ಈಜುಕೊಳ ಎಂಬ ಆಶ್ವಾಸನೆಗಳನ್ನು ನಂಬಿ ಮಕ್ಕಳನ್ನು ಒಪ್ಪಿಸಿಬಿಟ್ಟಿದ್ದರು.

ಹೆತ್ತವರೇ ಒಪ್ಪಿಸಿದ ಮೇಲೆ ತಪ್ಪೆಲ್ಲಿಯದು ಎಂದು ಕೇಳುವವರುಂಟು. ಮನೆಯು ಕುಸಿದು, ಒಲೆಯು ಆರಿ, ನಾಳೆಯ ಗಂಜಿಗೆ ದಾರಿ ಕಾಣದವಳ ಮುಂದೆ ಕೈಚಾಚಿದರೆ ಅವಳು ಏನನ್ನು ತಾನೆ ಒಪ್ಪಿಸಳು? ಅದನ್ನು ಸಮ್ಮತಿಯೆಂದು ಕರೆಯುವುದು ಭಾಷೆಗೆ ಮಾಡುವ ದ್ರೋಹ.

ಇದು ಹತ್ತು ಮಂದಿ ದುಡುಕಿಗರ ಕಥೆಯೆಂದು ತಳ್ಳಿಹಾಕುವಂತಿಲ್ಲ. 2017ರಲ್ಲಿ ಲೂಮೋಸ್ ಸಂಸ್ಥೆಯು ಪ್ರಕಟಿಸಿದ ಲೆಕ್ಕದಂತೆ ಹೈತಿಯ ಸುಮಾರು 750 ಅನಾಥಾಲಯಗಳಲ್ಲಿ 30,000 ಮಕ್ಕಳಿದ್ದರು. ಅವರಲ್ಲಿ ನೂರಕ್ಕೆ ಎಂಬತ್ತರಷ್ಟು ಮಕ್ಕಳಿಗೆ ತಾಯಿಯೋ ತಂದೆಯೋ ಜೀವಂತರು. ಈ ಮನೆಗಳಲ್ಲಿ ಮೂರನೆಯ ಒಂದು ಪಾಲಿಗೆ ಮಾತ್ರವೇ ಹೊರದೇಶಗಳಿಂದ, ಬಹುಪಾಲು ಅಮೆರಿಕದ ಕ್ರೈಸ್ತ ಭಕ್ತರಿಂದ, ವರ್ಷಕ್ಕೆ 7 ಕೋಟಿ ಡಾಲರುಗಳು ಹರಿದುಬರುತ್ತಿದ್ದುವು. ದಾನಿಗೆ ಬೇಕಾದುದು ಮಗುವಿನ ಭಾವಚಿತ್ರ. ಮನೆಯನ್ನು ನಡೆಯಿಸುವವನಿಗೆ ಬೇಕಾದುದು ತುಂಬಿದ ಹಾಸಿಗೆಗಳು. ಹಾಸಿಗೆಯು ಬರಿದಾದರೆ ಹಣವೂ ನಿಲ್ಲುವುದಷ್ಟೆ. ಹಾಗಾಗಿ ಹಳ್ಳಿಗಳಲ್ಲಿ ಮಕ್ಕಳನ್ನು ಹುಡುಕುವ ದಲ್ಲಾಳಿಗಳು ಹುಟ್ಟಿಕೊಂಡರು. ಆ ದೇಶದ ಶಾಲೆಗಳಲ್ಲಿ ಬಹುಪಾಲು ಖಾಸಗಿಯವು, ಶುಲ್ಕವಿಲ್ಲದೆ ಅಕ್ಷರವಿಲ್ಲ. ಮಗುವು ಓದಲೆಂಬ ಆಸೆಯೇ ತಾಯಿಗೆ ಬಲೆಯಾಯಿತು. ಅದೇ ಶುಲ್ಕವನ್ನು ಅವಳ ಕೈಗೆ ಕೊಟ್ಟಿದ್ದರೆ ಮಗುವು ಸಂಜೆಗೆ ಮನೆಗೆ ಬರುತ್ತಿದ್ದಿತು.

ಅವರ ಶಾಸ್ತ್ರವನ್ನೇ ಅವರ ಮುಂದಿಡೋಣ. ಯಾಕೋಬನ ಪತ್ರಿಕೆಯು ಸಂಕಟದಲ್ಲಿರುವ ಅನಾಥರನ್ನೂ ವಿಧವೆಯರನ್ನೂ ಒಂದೇ ಉಸಿರಿನಲ್ಲಿ ಹೆಸರಿಸಿ, ಅವರನ್ನು ಪರಾಮರಿಸುವುದೇ ಶುದ್ಧವಾದ ಭಕ್ತಿಯೆನ್ನುತ್ತದೆ. ಈ ಪರೋಪಕಾರಿಗಳು ಅರ್ಧ ವಾಕ್ಯವನ್ನು ಓದಿ ಗ್ರಂಥವನ್ನು ಮುಚ್ಚಿದರೆಂದು ತೋರುತ್ತದೆ. ವಿಧವೆಯು ಗುಡಿಸಲಿನಲ್ಲಿಯೇ ಉಳಿದಳು. ಅವಳ ಮಗನು ಮಾತ್ರ ಅನಾಥನೆಂಬ ಹೆಸರನ್ನು ಹೊತ್ತು ಬೇರೆಡೆಗೆ ಹೋದನು.

ನಮ್ಮ ಮಠಗಳೂ ಬಡ ಮಕ್ಕಳನ್ನು ಇರಿಸಿಕೊಳ್ಳುವುದಿಲ್ಲವೇ ಎಂದು ಕೇಳಬಹುದು. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಉಂಡು ಓದುತ್ತಾರೆ, ನಿಜ. ಆದರೆ ಅಲ್ಲಿಗೆ ಬರುವ ಹುಡುಗನಿಗೆ ಊರುಂಟು, ಹೆಸರುಂಟು, ರಜೆಯಲ್ಲಿ ಹೋಗುವುದಕ್ಕೆ ಮನೆಯುಂಟು. ತಾಯಿಯಿದ್ದವನನ್ನು ಅನಾಥನೆಂದು ಬರೆದುಕೊಳ್ಳುವ ಅಗತ್ಯವು ಅಲ್ಲಿಲ್ಲ.

ಅನ್ಯದೇಶದಿಂದ ಬಂದವರಿಗೆ ಬೇರೆ ದಾರಿಯೇ ಇರಲಿಲ್ಲವೆಂಬುದೂ ಸುಳ್ಳು. ಆಫ್ರಿಕದ ಲಂಬರೆನೆಯಲ್ಲಿ 1913ರಿಂದ ವೈದ್ಯಸೇವೆಗೆ ನಿಂತ ಆಲ್ಬರ್ಟ್ ಶ್ವೈಟ್ಸರನ ಮಾದರಿಯನ್ನು ನೋಡಿ ಅಮೆರಿಕದ ಮೆಲನ್ ದಂಪತಿಗಳು 1956ರಲ್ಲಿ ಹೈತಿಯ ದೆಶಾಪೆಲ್ಲಿನಲ್ಲಿ ಆತನ ಹೆಸರಿನ ಆಸ್ಪತ್ರೆಯನ್ನು ತೆರೆದರು. ಅಲ್ಲಿಯ ನವಜಾತ ಶಿಶುಗಳು ಧನುರ್ವಾಯುವಿನಿಂದ ಸಾಯುತ್ತಿದ್ದುವು. 1960ರ ದಶಕದ ಕೊನೆಯಲ್ಲಿ ಆ ಆಸ್ಪತ್ರೆಯ ವೈದ್ಯರು ಸಂತೆಗಳಿಗೇ ಹೋಗಿ, ಕಾಯಿಪಲ್ಲೆ ಮಾರುವ ಹೆಂಗಸರಿಗೆ ಚುಚ್ಚುಮದ್ದು ಹಾಕತೊಡಗಿದರು. ತಾಯಿಯ ತೋಳಿಗೆ ಹಾಕಿದ ಮದ್ದು ಹುಟ್ಟುವ ಕೂಸನ್ನು ಕಾಪಾಡಿತು. ಕೂಸು ಅವಳ ಮಡಿಲಿನಲ್ಲಿಯೇ ಬೆಳೆಯಿತು.