ಚಿಮಣಿ ಚೆಂದವೇ, ಆದರೆ ಊರಿಗೆ ಲೆಕ್ಕ ಕೊಡಲಿ

ಹೊಸಪೇಟೆಯಿಂದ ಬಳ್ಳಾರಿಗೆ ರಾತ್ರಿ ಬಸ್ಸಿನಲ್ಲಿ ಹೋದವರೆಲ್ಲ ನೋಡಿರುತ್ತಾರೆ. ಸಂಡೂರು ತಾಲೂಕಿನ ತೋರಣಗಲ್ಲು ಹತ್ತಿರವಾದಂತೆ ಉಕ್ಕಿನ ಕಾರ್ಖಾನೆಯ ದೀಪಗಳು, ನಡುವೆ ಚಿಮಣಿಗಳು. ಮುಂದೆ ಕುಡತಿನಿಯಲ್ಲಿ ಬಿಟಿಪಿಎಸ್ ಚಿಮಣಿಗಳು. ನಮ್ಮ ಭಾಗದ ಇಂದಿನ ವಾಸ್ತುಶಿಲ್ಪ ಯಾವುದು ಎಂದು ಯಾರಾದರೂ ಕೇಳಿದರೆ ನಾವು ಇವನ್ನೇ ತೋರಿಸುತ್ತೇವೆ.

ಹಂಪಿಯ ಪಕ್ಕದಲ್ಲಿದ್ದು ಹೀಗೆನ್ನುತ್ತೀರಲ್ಲ ಎಂದು ನೀವು ನಗಬಹುದು. ವಿರೂಪಾಕ್ಷ ಗುಡಿಯ ದೊಡ್ಡ ಗೋಪುರ ಸುಮಾರು 50 ಮೀಟರ್. 500 ಮೆಗಾವಾಟ್ ಅಥವಾ ಅದಕ್ಕೂ ದೊಡ್ಡ ಕಲ್ಲಿದ್ದಲು ಘಟಕಕ್ಕೆ 275 ಮೀಟರ್ ಚಿಮಣಿ ಇರಬೇಕೆಂದು ನಮ್ಮ ಪರಿಸರ ನಿಯಮ ವಿಧಿಸಿತ್ತು. ಅಂದರೆ ಐದೂವರೆ ಗೋಪುರದಷ್ಟು. ಕುಡತಿನಿಯ ಮೂರು ಘಟಕಗಳು 500, 500, 700 ಮೆಗಾವಾಟ್‌ನವು. ಇಂಥ ಚಿಮಣಿಗೆ ಅಲಂಕಾರವಿಲ್ಲ. ಬುಡ ಅಗಲ, ತುದಿ ಕಿರಿದು, ಗಾಳಿಗೆ ತಡೆದು ನಿಲ್ಲಲು ಬೇಕಾದಷ್ಟೇ ಕಾಂಕ್ರೀಟ್. ಅದರ ಚೆಂದ ಬಂದಿದ್ದು ಅದರ ಕೆಲಸದಿಂದಲೇ.

ಆದರೆ ಆ ಎತ್ತರದ ಕೆಲಸವೇನು? ಅದು ಹೊಗೆಯನ್ನು ಕಡಿಮೆ ಮಾಡುವುದಿಲ್ಲ. ಸಲ್ಫರ್ ಡೈಆಕ್ಸೈಡ್ ಹತ್ತಿರದ ಊರಿನ ಮೇಲೆ ದಟ್ಟವಾಗಿ ಇಳಿಯದಂತೆ ಮೇಲಕ್ಕೆ ಒಯ್ದು ದೂರದವರೆಗೆ ಹರಡುತ್ತದೆ. ಚಿಮಣಿ ಎತ್ತರವಾದಷ್ಟೂ ಹೊಗೆಯಲ್ಲಿ ಪಾಲು ಪಡೆಯುವ ಊರುಗಳು ಹೆಚ್ಚು. ಹಾಗಿದ್ದ ಮೇಲೆ ಲೆಕ್ಕ ಕೇಳುವ ಹಕ್ಕೂ ಅಷ್ಟು ಊರುಗಳಿಗಿದೆ.

ಚಿಮಣಿ ಊರಿನ ಮಾತು ಕೇಳಬೇಕೆಂಬುದು ಹೊಸತೇನಲ್ಲ. ಲಂಡನ್ನಿನ ಬ್ಯಾಂಕ್‌ಸೈಡ್ ವಿದ್ಯುತ್ ಕೇಂದ್ರದ ಚಿಮಣಿಯನ್ನು ನದಿಯಾಚೆಯ ಸೇಂಟ್ ಪಾಲ್ ಚರ್ಚಿನ ಗುಮ್ಮಟಕ್ಕಿಂತ ತಗ್ಗಾಗಿ, 99 ಮೀಟರಿಗೇ ನಿಲ್ಲಿಸಿದರು. ಕೇಂದ್ರ ಮುಚ್ಚಿದ ಮೇಲೆ ಅದೇ ಕಟ್ಟಡ 2000ದಲ್ಲಿ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯವಾಯಿತು. ಚಿಮಣಿ ಹಾಗೇ ಉಳಿಯಿತು.

ನಮ್ಮಲ್ಲೂ ಜನರಿಗೆ ಅರ್ಥವಾಗುವ ಚಿಮಣಿ ಇತ್ತು. ಹೊಸಪೇಟೆ ಚಿತ್ತವಾಡ್ಗಿಯ ಸಕ್ಕರೆ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಹೊಗೆ ಎದ್ದರೆ ಕಬ್ಬು ನುರಿಸುವ ಹಂಗಾಮು ಶುರು, ಹೊಗೆ ನಿಂತರೆ ಹಂಗಾಮು ಮುಗಿಯಿತು ಎಂದರ್ಥ. ವಿಜಯನಗರ ಕಾಲದ ಕಾಲುವೆಗಳ ನೀರಿನಲ್ಲಿ ಕಬ್ಬು ಬೆಳೆದ ರೈತನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಕಬ್ಬು ಬೇರೆ ಜಿಲ್ಲೆಯ ದಾರಿ ಹಿಡಿಯಿತು.

ತೋರಣಗಲ್ಲು, ಕುಡತಿನಿಯ ಹೊಗೆಯನ್ನು ಹಾಗೆ ಕಣ್ಣಳತೆಯಲ್ಲಿ ತಿಳಿಯಲಾಗದು. ಸಲ್ಫರ್ ಡೈಆಕ್ಸೈಡಿಗೆ ಬಣ್ಣವೇ ಇಲ್ಲ. ಅದನ್ನು ಅಳೆಯಲು ಯಂತ್ರ ಬೇಕು. ವಿದ್ಯುತ್, ಉಕ್ಕು, ಸಕ್ಕರೆ ಸೇರಿ 17 ಬಗೆಯ ಉದ್ಯಮಗಳು ಇಂಥ ಯಂತ್ರ ಕೂರಿಸಿ ಅಂಕಿಗಳನ್ನು ನೇರವಾಗಿ ಮಂಡಳಿಗೆ ಕಳಿಸಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ ಸೂಚಿಸಿದೆ.

ನಾವು ಕೇಳುವುದು ಇಷ್ಟೇ. ಮಂಡಳಿಯ ಕಂಪ್ಯೂಟರಿಗೆ ಹೋಗುವ ಅಂಕಿ ಊರಿನ ಬಸ್ ನಿಲ್ಲುವ ಜಾಗಕ್ಕೂ ಬರಲಿ. ದೊಡ್ಡ ಫಲಕ, ಕನ್ನಡ ಅಕ್ಷರ, ಈ ಹೊತ್ತಿನ ಪ್ರಮಾಣ, ಪಕ್ಕದಲ್ಲಿ ಕಾನೂನಿನ ಮಿತಿ. ಮಿತಿ ದಾಟಿದರೆ ಕೆಂಪು ದೀಪ. ಸಾವಿರಾರು ಕೋಟಿಯ ಕಾರ್ಖಾನೆ ಕಟ್ಟಿದವರಿಗೆ ಒಂದು ಫಲಕ ಭಾರವಾಗದು. ಹೊಗೆಯ ದಾರಿಯಲ್ಲಿರುವ ಪಂಚಾಯಿತಿಗಳು ಠರಾವು ಮಾಡಿ ಕಳಿಸಲಿ. ಮುಂದಿನ ಗ್ರಾಮಸಭೆಯಲ್ಲಿ ನೀವೂ ಈ ಮಾತು ಎತ್ತಿ.