ಪೊರೆಯ ಕಾಲದ ಉಪವಾಸ

‘ಪೊರೆ’ ಎಂಬುದು ನಮ್ಮ ಭಾಷೆಯಲ್ಲಿ ಎರಡು ಮುಖದ ಮಾತು. ನಾಮಪದವಾದರೆ ಅದು ಹಾವು ಕಳಚುವ ಹಳೆಯ ಚರ್ಮ. ಮುಪ್ಪಿನಲ್ಲಿ ಕಣ್ಣಿಗೆ ಕವಿಯುವ ಮಬ್ಬಿಗೂ ಅದೇ ಹೆಸರು. ಕ್ರಿಯಾಪದವಾದರೆ ಅದು ಸಲಹುವುದು, ಕಾಪಾಡುವುದು. ಹಳಗನ್ನಡ ಪಾಠದ ನಡುವೆ ಇವೆರಡನ್ನೂ ಕರಿಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆಯುವುದು ನನ್ನ ರೂಢಿ. ಎರಡಕ್ಕೂ ಬೇರು ಒಂದೇ ಎಂದು ನಾನು ವಾದಿಸುವವನಲ್ಲ. ಆದರೆ ಪೊರೆ ಬಿಡುವ ಜೀವವನ್ನು ಪೊರೆಯುವುದು ಹೇಗೆ ಎಂಬ ಪ್ರಶ್ನೆ ಕಳೆದ ಮಳೆಗಾಲದಲ್ಲಿ ನನ್ನ ಮುಂದೆ ಬಂದು ನಿಂತಿತು. ಆ ಪ್ರಶ್ನೆಗೆ ನಿಘಂಟಿನಲ್ಲಿ ಉತ್ತರವಿರಲಿಲ್ಲ.

ಕೇಳಿದವನು ನನ್ನ ಹಳೆಯ ವಿದ್ಯಾರ್ಥಿ. ನಮ್ಮ ಕುಂಸಿಯವನೇ, ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಆಫ್ರಿಕ ಮೂಲದ ‘ಬಾಲ್ ಪೈಥಾನ್’ ಎಂಬ ಸಣ್ಣ ಜಾತಿಯ ಹೆಬ್ಬಾವೊಂದನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ್ದಾನೆ. ಅದು ಹತ್ತು ದಿನಗಳಿಂದ ಆಹಾರ ಮುಟ್ಟಿಲ್ಲ. ಕಣ್ಣು ನೀಲಿಗಟ್ಟಿ ಹಾಲಿನಂತಾಗಿದೆ. ಪೊರೆ ಬಿಡುವ ಕಾಲ, ಸುಮ್ಮನೆ ಬಿಡಿ ಎಂದು ಪಶುವೈದ್ಯರು ಹೇಳಿದ್ದಾರೆ. ಆದರೆ ಊರಿನಿಂದ ಹೋಗಿದ್ದ ಅವನ ತಾಯಿಗೆ ಇದು ಸಹಿಸದಾಯಿತು. “ಮನೆಯಲ್ಲಿ ಒಂದು ಜೀವ ಹಸಿದು ಬಿದ್ದಿರುವಾಗ ನಾವು ಉಣ್ಣುವುದು ಹೇಗೆ? ಬಾಯಿ ಬಿಡಿಸಿಯಾದರೂ ಒಂದಿಷ್ಟು ಹಾಲು ಹಾಕು” ಎಂದು ಆಕೆಯ ಹಟ. “ಸಾರ್, ನೀವು ಹೇಳಿದರೆ ಅಮ್ಮ ಕೇಳುತ್ತಾರೆ” ಎಂದ ಹುಡುಗ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹಾವನ್ನು ಮನೆಯಲ್ಲಿ ಸಾಕುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ನಾಗರ, ಕೇರೆ, ಹೆಬ್ಬಾವುಗಳನ್ನು ಹಿಡಿದಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿದ ವಿದೇಶೀ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕೆಂದು 2022ರ ತಿದ್ದುಪಡಿ ವಿಧಿಸಿದೆ. ಹುಡುಗ ಅದನ್ನು ಮಾಡಿಸಿದ್ದಾನೆ. ಒಪ್ಪಿಗೆಯಿಲ್ಲದಿದ್ದರೂ, ಸಾಕಿದ ಮೇಲೆ ಸಾಕುವ ಧರ್ಮವನ್ನು ತಿಳಿಯಬೇಕಲ್ಲವೆ?

ಆ ತಾಯಿಗೆ ನಾನು ಉಪದೇಶ ಮಾಡಲಿಲ್ಲ. ನನ್ನ ಬಾಲ್ಯದ ಒಂದು ಸಂಗತಿಯನ್ನು ಹೇಳಿದೆ. ಮೀಟರ್ ಗೇಜ್ ರೈಲು ಶಿವಮೊಗ್ಗೆಯಿಂದ ಕುಂಸಿಯನ್ನು ಹಾದು ತಾಳಗುಪ್ಪಕ್ಕೆ ಹೋಗುತ್ತಿದ್ದ ಕಾಲ ಅದು. ಶ್ರಾವಣದ ಜಡಿಮಳೆ. ಪಂಚಮಿಯ ದಿನ ಹುತ್ತಕ್ಕೆ ತನಿ ಎರೆದು ಬರುವಷ್ಟರಲ್ಲಿ ನಮ್ಮ ಜಗಲಿಯ ಮೇಲೆ ಒಬ್ಬ ಹಾವಾಡಿಗ ಬುಟ್ಟಿಯಿಟ್ಟುಕೊಂಡು ಕುಳಿತಿದ್ದ. ಮುಚ್ಚಳ ತೆಗೆದಾಗ ನಾಗರ ಹೆಡೆಯೆತ್ತಲಿಲ್ಲ. ಮೈ ಮಂಕಾಗಿತ್ತು, ಕಣ್ಣುಗಳಲ್ಲಿ ಹೊಗೆ ತುಂಬಿದಂತೆ ಕಾಣುತ್ತಿತ್ತು. “ದೇವರು ಧ್ಯಾನದಲ್ಲಿದ್ದಾನೆ” ಎಂದರು ಅಜ್ಜಿ. ಹಾವಾಡಿಗ ಅದರ ಕತ್ತು ಹಿಡಿದು ಬಟ್ಟಲಿನಲ್ಲಿ ಮೂತಿ ಅದ್ದಿದ. ಬಟ್ಟಲನ್ನು ಹಿಡಿದಿದ್ದವನು ನಾನು. ಹಾಲು ಅದರ ಮೂಗಿನಿಂದ ಗುಳ್ಳೆಗುಳ್ಳೆಯಾಗಿ ಹೊರಬಂತು. ದೇವರು ಹಾಲು ಕುಡಿದನೆಂದು ನಾವೆಲ್ಲ ಕೈಮುಗಿದೆವು. ಐದಾರು ದಿನ ಕಳೆದು ಅದೇ ಮನುಷ್ಯ ಮತ್ತೆ ಬಂದ: ಹಾವು ಸತ್ತಿತು, ಸಂಸ್ಕಾರಕ್ಕೆ ಒಂದು ಬಿಳಿಯ ಬಟ್ಟೆ ಕೊಡಿ ಎಂದು. ಅಜ್ಜಿ ಪಂಚೆಯೊಂದನ್ನು ಹರಿದು ಕೊಟ್ಟರು.

ಹಾಲಿನಿಂದಲೇ ಅದು ಸತ್ತಿತೆಂದು ನಾನು ಪ್ರಮಾಣಮಾಡಿ ಹೇಳಲಾರೆ. ಆದರೆ ಬಟ್ಟಲು ಹಿಡಿದ ಕೈ ನನ್ನದು ಎಂಬುದನ್ನು ಈ ವಯಸ್ಸಿನಲ್ಲಿಯೂ ಮರೆಯಲಾರೆ.

ಅಂದು ಕಂಡದ್ದು ಧ್ಯಾನವಲ್ಲ ಎಂಬುದನ್ನು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು. ಹಾವಿಗೆ ರೆಪ್ಪೆಗಳಿಲ್ಲ, ಗಾಜಿನಂತಹ ಒಂದು ಹುರುಪೆ ಕಣ್ಣನ್ನು ಸದಾ ಮುಚ್ಚಿರುತ್ತದೆ. ಹಳೆಯ ಚರ್ಮದ ಕೆಳಗೆ ಹೊಸ ಚರ್ಮ ಸಿದ್ಧವಾದಾಗ ಎರಡರ ನಡುವೆ ಒಂದು ದ್ರವ ಸೇರುತ್ತದೆ. ಕಣ್ಣಿನ ಹುರುಪೆಯೂ ಚರ್ಮದ ಭಾಗವೇ ಆದುದರಿಂದ ಅಲ್ಲಿಯೂ ಮಬ್ಬು ಕವಿಯುತ್ತದೆ. ಆಗ ಹಾವಿಗೆ ಸರಿಯಾಗಿ ಕಾಣದು. ಕಾಣದ ಜೀವ ಅಂಜುತ್ತದೆ, ಅಂಜಿದ ಜೀವ ಅಡಗುತ್ತದೆ, ಮುಟ್ಟಿದರೆ ಕೆರಳುತ್ತದೆ. ಕೆಲವು ದಿನಗಳಲ್ಲಿ ಮಬ್ಬು ತಿಳಿಯಾಗುತ್ತದೆ. ಅನಂತರ ಅದು ಮೂತಿಯನ್ನು ಕಲ್ಲಿಗೋ ಬೇರಿಗೋ ಉಜ್ಜಿ, ತುಟಿಯ ಅಂಚಿನಿಂದ ಚರ್ಮವನ್ನು ಬಿಡಿಸಿಕೊಂಡು, ಕಾಲುಚೀಲವನ್ನು ಒಳಹೊರಗು ಮಾಡಿ ತೆಗೆದಂತೆ ಹೊರಗೆ ಹರಿದು ಬರುತ್ತದೆ. ಇದೆಲ್ಲಕ್ಕೂ ಸುಮಾರು ಒಂದೆರಡು ವಾರ ಬೇಕು.

ಈ ಅವಧಿಯಲ್ಲಿ ಬಹುಮಟ್ಟಿಗೆ ಹಾವುಗಳು ತಾವಾಗಿಯೇ ಆಹಾರವನ್ನು ಬಿಡುತ್ತವೆ. ಕೆಲವು ತಿನ್ನುವುದೂ ಉಂಟು. ತಿಂದ ಮಾತ್ರಕ್ಕೆ ಕೇಡಾಗಲೇಬೇಕೆಂದಿಲ್ಲ. ಕೇಡು ಇರುವುದು ಬಲವಂತದಲ್ಲಿ. ಬೆದರಿದ ಹಾವು ನುಂಗಿದ್ದನ್ನು ಕಕ್ಕುತ್ತದೆ. ಕಕ್ಕಿದ ಹಾವು ಉಪವಾಸವಿದ್ದ ಹಾವಿಗಿಂತ ಹೆಚ್ಚು ಬಳಲುತ್ತದೆ. ಹಾಲಂತೂ ಅದರ ಆಹಾರವೇ ಅಲ್ಲ. ಬುಟ್ಟಿಯಲ್ಲಿ ದಿನಗಟ್ಟಲೆ ನೀರಿಲ್ಲದೆ ಒಣಗಿದ ಹಾವು ಯಾವ ದ್ರವವನ್ನಾದರೂ ಹೀರೀತು. ಅದನ್ನು ನಾವು ಭಕ್ತಿಯ ಸ್ವೀಕಾರವೆಂದು ಎಣಿಸಿದೆವು. ಹಾಲು ಉಸಿರಿನ ನಾಳಕ್ಕೆ ಹೊಕ್ಕರೆ ಪ್ರಾಣಕ್ಕೇ ಅಪಾಯ. ಕಾಡಿನಲ್ಲಿ ವಾರಗಟ್ಟಲೆ ಆಹಾರವಿಲ್ಲದೆ ಇರಬಲ್ಲ ಪ್ರಾಣಿಗೆ ಹತ್ತು ದಿನದ ಉಪವಾಸ ದೊಡ್ಡದಲ್ಲ.

ಹಾಗಾದರೆ ಮಾಡತಕ್ಕದ್ದೇನೂ ಇಲ್ಲವೆ? ಇದೆ. ಕುಡಿಯಲು, ಬೇಕೆಂದರೆ ಮೈ ನೆನೆಸಲು ಶುದ್ಧವಾದ ನೀರು. ಅಡಗಲು ಒಂದು ತೇವದ ಗೂಡು. ಮೈ ಉಜ್ಜಲು ಒಂದು ಒರಟು ಕಲ್ಲು. ಚರ್ಮವನ್ನು ಕೈಯಿಂದ ಎಳೆಯಬಾರದು. ಪೊರೆ ಬಿಟ್ಟ ಮೇಲೆ ಕಣ್ಣಿನ ಹುರುಪೆಯೂ ಕಳಚಿತೆ ಎಂದು ನೋಡಬೇಕು. ಆಮೇಲೂ ಬಹುಕಾಲ ಆಹಾರ ಮುಟ್ಟದೆ ಮೈ ಇಳಿಯುತ್ತ ಹೋದರೆ ವೈದ್ಯರ ಬಳಿಗೆ ಒಯ್ಯಬೇಕು. ಇವು ಸಣ್ಣ ಕೆಲಸಗಳು. ಆದರೆ ಉಣಿಸುವುದಕ್ಕಿಂತ ಹೆಚ್ಚಿನ ಸಹನೆಯನ್ನು ಬೇಡುತ್ತವೆ.

ನಮಗೆ ಆ ಸಹನೆಯ ಅಭ್ಯಾಸವಿಲ್ಲ ಎಂಬುದೇ ನನ್ನ ದೂರು. ನಮ್ಮ ಪ್ರೀತಿಗೆ ತಿಳಿದಿರುವುದು ಒಂದೇ ಭಾಷೆ, ಬಡಿಸುವ ಭಾಷೆ. ಕಲ್ಲಿನ ನಾಗರಕ್ಕೆ ಹಾಲೆರೆದು ದಿಟದ ನಾಗರವನ್ನು ಹೊಡೆಯುವ ವೈಪರೀತ್ಯವನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಎತ್ತಿ ತೋರಿಸಿದರು. ಆ ವಚನ ನಮ್ಮ ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠ. ದಿಟದ ನಾಗರಕ್ಕೂ ಹಾಲೆರೆದೇ ಕೊಲ್ಲಬಹುದೆಂಬುದನ್ನು ನಾವು ನಮ್ಮ ಜಗಲಿಗಳ ಮೇಲೆ ಸಾಧಿಸಿ ತೋರಿಸಿದ್ದೇವೆ. ‘ಹಾವಿಗೆ ಹಾಲೆರೆದಂತೆ’ ಎಂಬ ಗಾದೆಯಲ್ಲಿ ನಾವು ಹಾವಿನ ಕೃತಘ್ನತೆಯನ್ನು ಕಂಡೆವು. ಹಾವು ಹಾಲನ್ನು ಎಂದೂ ಕೇಳಿರಲಿಲ್ಲ ಎಂಬುದನ್ನು ಕಾಣಲಿಲ್ಲ. ಪೊರೆ ಕಳಚಿದ ಹಾವಿನ ಹೊಳಪನ್ನು ಹಾಡಿದ ಕವಿಗಳುಂಟು. ಕಳಚುವ ಮುನ್ನಿನ ಕುರುಡು ದಿನಗಳನ್ನು ಕಂಡವರು ವಿರಳ.

ಬೇರೆಯ ದಾರಿ ನಮ್ಮ ಜಿಲ್ಲೆಯಲ್ಲಿಯೇ ಇದೆ. ರಾಮ್ಯುಲಸ್ ವಿಟೇಕರ್ ಅವರು 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಅಲ್ಲಿಯವರು ಕಾಳಿಂಗ ಸರ್ಪಗಳಿಗೆ ರೇಡಿಯೋ ಸಾಧನವನ್ನು ಅಳವಡಿಸಿ ಕಾಡಿಗೆ ಬಿಟ್ಟು, ಅವು ಹೋದೆಡೆಗೆ ತಾವೂ ಹೋಗಿ ಅವುಗಳ ಬಾಳುವೆಯನ್ನು ತಿಳಿದರು. ಕರೆದು ಉಣಿಸಿ ತಿಳಿದದ್ದಲ್ಲ. ಹಿಂದೆ ನಡೆದು, ಕಾದು ತಿಳಿದದ್ದು.

ಅಧ್ಯಾಪಕನಾದ ನನಗೆ ಇದು ಹಾವಿನ ಮಾತಷ್ಟೇ ಆಗಿ ಉಳಿಯುವುದಿಲ್ಲ. ಹದಿನೆಂಟರ ಹುಡುಗನೊಬ್ಬ ಇದ್ದಕ್ಕಿದ್ದಂತೆ ಹಿಂದಿನ ಬೆಂಚಿಗೆ ಸರಿದು, ಕರೆದರೆ ಸಿಡುಕಿ, ಕೊಟ್ಟ ಪುಸ್ತಕವನ್ನು ತೆರೆಯದೆ ಮರಳಿಸಿದಾಗ, ಇನ್ನೆರಡು ಪುಸ್ತಕಗಳನ್ನು ಅವನ ಮೇಲೆ ಹೇರಿದವನು ನಾನು. ಹಾಗೆ ಹೇರಿ ಒಬ್ಬಿಬ್ಬರನ್ನು ಕಳೆದುಕೊಂಡದ್ದೂ ಉಂಟು. ಕಣ್ಣಿಗೆ ಮಬ್ಬು ಕವಿದವನಿಗೆ ಬೇಕಾದುದು ನೀರಿನ ಬಟ್ಟಲೂ ಒಂದು ಮೂಲೆಯೂ ಮಾತ್ರ ಎಂದು ಆಗ ತೋಚಲಿಲ್ಲ.

ಆ ತಾಯಿ ನನ್ನ ಕಥೆಯನ್ನು ಕೇಳಿ ಬಹಳ ಹೊತ್ತು ಮಾತನಾಡಲಿಲ್ಲ. “ಹಾಗಾದರೆ ನೀರಾದರೂ ಬದಲಾಯಿಸಬಹುದಷ್ಟೆ?” ಎಂದರು ಕೊನೆಗೆ. ಬದಲಾಯಿಸಬಹುದೆಂದೆ. ದಿನಕ್ಕೆ ಎರಡು ಸಲ ಬದಲಾಯಿಸಿದರಂತೆ. ಆರನೆಯ ದಿನ ಬೆಳಗಿನ ಜಾವ ಹಾವು ಪೊರೆ ಬಿಟ್ಟಿತು. ಎರಡು ದಿನ ಬಿಟ್ಟು ಆಹಾರವನ್ನೂ ತೆಗೆದುಕೊಂಡಿತು.

ದಸರೆಗೆ ಕುಂಸಿಗೆ ಬಂದಾಗ ಆಕೆ ಆ ಪೊರೆಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತಂದಿದ್ದರು. ಎಲ್ಲಿಯೂ ಹರಿದಿರಲಿಲ್ಲ. ತಲೆಯ ಭಾಗವನ್ನು ಕಿಟಕಿಯ ಬೆಳಕಿಗೆ ಹಿಡಿದು, “ನೋಡಿ ಮೇಷ್ಟ್ರೆ, ಕಣ್ಣೂ ಬಂದಿದೆ” ಎಂದು ತೋರಿಸಿದರು. ಸಾಸಿವೆಕಾಳಿಗಿಂತ ತುಸು ದೊಡ್ಡದಾದ ಎರಡು ತೆಳು ಗಾಜುಗಳು. ಅವುಗಳಲ್ಲಿ ಮಬ್ಬಿರಲಿಲ್ಲ.